ಥೈರಾಯ್ಡ್ ಆಪರೇಷನ್‌ಗೆ ಮೊದಲಿನ ತಪಾಸಣೆ: ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಅನುಭವ

ನಾನು ಉಡುಪಿ ಸಂತೆಕಟ್ಟೆಯಲ್ಲಿ ಬ್ಲೌಸ್ ಹೊಲಿಯುವವಳು. ಒಂದೂವರೆ ವರ್ಷ ಮಾತ್ರೆ ತಿಂದು ಹತೋಟಿಗೆ ಬಂದಿದ್ದ ಗ್ರೇವ್ಸ್ ಕಾಯಿಲೆ (ಥೈರಾಯ್ಡ್ ಗ್ರಂಥಿ ಹಾರ್ಮೋನ್ ಜಾಸ್ತಿ ಮಾಡುವ ಕಾಯಿಲೆ), ಮಾತ್ರೆ ಬಿಟ್ಟ ಮೇಲೆ ಮತ್ತೆ ಬಂತು. ಸೂಜಿಗೆ ನೂಲು ಹಾಕಲಿಕ್ಕೆ ಆಗದಷ್ಟು ಕೈ ನಡುಕ. ಕುತ್ತಿಗೆಯ ಮೇಲೆ ಗಾಯದ ಗುರುತು ಬೇಡ ಅಂತ, ಕೆಳತುಟಿಯ ಒಳಗಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್ ಕೇಳಿಕೊಂಡು ಮಂಗಳೂರಿಗೆ ಹೋದೆ.

ಆ ದಿನವೇ ತಾರೀಕು ಸಿಗುತ್ತದೆ ಅಂದುಕೊಂಡಿದ್ದೆ. ಡಾಕ್ಟರ್ ನನ್ನ ಕೈ ಹಿಡಿದು ನಾಡಿ ಎಣಿಸಿದರು. 118. "ಈಗ ತಾರೀಕು ಕೊಡುವುದಿಲ್ಲಮ್ಮ" ಅಂದರು. ಹಾರ್ಮೋನ್ ಇಷ್ಟು ಜಾಸ್ತಿ ಇರುವಾಗ ಆಪರೇಷನ್ ಮಾಡಿದರೆ ಜ್ವರ ಏರಿ, ಎದೆಬಡಿತ ತಪ್ಪಿ ಜೀವಕ್ಕೇ ಅಪಾಯ ಆಗಬಹುದು, ಅದಕ್ಕೆ ಥೈರಾಯ್ಡ್ ಸ್ಟಾರ್ಮ್ ಅನ್ನುತ್ತಾರೆ ಅಂತ ಬಿಡಿಸಿ ಹೇಳಿದರು. ಆಗ ಬೇಜಾರಾಯಿತು. ಈಗ ಅವರಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಹಾರ್ಮೋನ್ ಕಡಿಮೆ ಮಾಡುವ ಕಾರ್ಬಿಮಜೋಲ್ ಮಾತ್ರೆ ಶುರು ಮಾಡಿದರು. ಗಂಟಲು ನೋವು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ ಅಂತ ಚೀಟಿಯಲ್ಲೇ ಬರೆದುಕೊಟ್ಟರು. ಎದೆಬಡಿತ ಇಳಿಸುವ ಪ್ರೊಪ್ರನಲಾಲ್ ಕೊಡುವ ಮೊದಲು ಅಸ್ತಮಾ ಉಂಟಾ ಅಂತ ಕೇಳಿದರು. ಆರು ವಾರದ ಮೇಲೆ ಥೈರಾಯ್ಡ್ ಹಾರ್ಮೋನ್‌ಗಳಾದ ಟಿ3, ಟಿ4 ಸರಿಯಾದವು, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಹಾರ್ಮೋನ್ ಮಾತ್ರ ಏರಲೇ ಇಲ್ಲ. ನನಗೆ ಹೆದರಿಕೆ. ಟಿಎಸ್‌ಎಚ್ ನಿಧಾನ, ವಾರಗಟ್ಟಲೆ ಹಿಂದೆ ಉಳಿಯುತ್ತದೆ ಅಂತ ಸಣ್ಣ ಪ್ರಾಯದ ಡಾಕ್ಟರ್ ಒಬ್ಬರು ಹತ್ತು ನಿಮಿಷ ಕೂತು ಸಮಾಧಾನ ಹೇಳಿದರು.

ಕುತ್ತಿಗೆಯ ಸ್ಕ್ಯಾನಿಂಗ್‌ನಲ್ಲಿ ಗ್ರಂಥಿಯ ಅಳತೆ ತೆಗೆದರು. ತುಂಬಾ ದೊಡ್ಡದಿದ್ದರೆ ಬಾಯಿಯ ದಾರಿಯಲ್ಲಿ ತೆಗೆಯಲು ಆಗುವುದಿಲ್ಲವಂತೆ. ಮೂಗಿನಿಂದ ಸಣ್ಣ ನಳಿಗೆ ಇಳಿಸಿ ಸ್ವರತಂತು ನೋಡಿದರು. ಕ್ಯಾಲ್ಸಿಯಂ, ವಿಟಮಿನ್ ಡಿ, ಇಸಿಜಿ, ಹಲ್ಲಿನ ತಪಾಸಣೆ ಎಲ್ಲ ಆಯಿತು. ಕೊನೆಯ ಹತ್ತು ದಿನ ಲುಗಾಲ್ಸ್ ಅಯೋಡಿನ್ ಹನಿ. ಗ್ರಂಥಿಯ ರಕ್ತದ ಓಟ ಕಡಿಮೆ ಮಾಡಲಿಕ್ಕೆ ಅದು. ಬಾಯಿಗೆ ಕಬ್ಬಿಣ ನೆಕ್ಕಿದ ಹಾಗೆ. ಡಾಕ್ಟರನ್ನು ಕೇಳಿ ಪುನರ್ಪುಳಿ ಶರಬತ್ತಿಗೆ ಹಾಕಿ ಕುಡಿದೆ.

ಆದರೆ ಒಂದು ದೊಡ್ಡ ತಪ್ಪು ಆಗಿತ್ತು. ಕೂದಲು ಉದುರುತ್ತದೆ ಅಂತ ನಾನು ಬಯೋಟಿನ್ ಮಾತ್ರೆ ತಿನ್ನುತ್ತಿದ್ದೆ. ಮೊದಲ ರಕ್ತ ಪರೀಕ್ಷೆಗೆ ಮುಂಚೆ ಯಾರೂ ಅದನ್ನು ಕೇಳಲಿಲ್ಲ. ಬಯೋಟಿನ್ ಇದ್ದರೆ ಕೆಲವು ಲ್ಯಾಬ್‌ಗಳ ವಿಧಾನದಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿಸಬಹುದಂತೆ. ನಾನೇ ಬಾಯಿ ಬಿಟ್ಟ ಮೇಲೆ ಮಾತ್ರೆ ನಿಲ್ಲಿಸಿ ಇನ್ನೊಮ್ಮೆ ಪರೀಕ್ಷೆ ಮಾಡಿದರು. ಕಾಯಿಲೆ ನಿಜವೇ ಅಂತ ಆಗ ಗಟ್ಟಿಯಾಯಿತು. ಕೇಳುವ ಪಟ್ಟಿಯಲ್ಲಿ ಆ ಒಂದು ಪ್ರಶ್ನೆ ಇರಲೇಬೇಕು, ಅಲ್ವಾ?

ಗಂಟಲಿನ ಡಾಕ್ಟರಿಗೆ ಒಂದು ದಿನ, ಅರಿವಳಿಕೆ ಡಾಕ್ಟರಿಗೆ ಇನ್ನೊಂದು ದಿನ ಅಂತ ಉಡುಪಿಯಿಂದ ನಾಲ್ಕು ಸಲ ಬಸ್ ಹತ್ತಿಸಿದರು. ದೂರದಿಂದ ಬರುವವರಿಗೆ ಒಂದೇ ದಿನ ಕೊಡಬಹುದಿತ್ತು.

ನನ್ನ ಕಡೆಯಿಂದ 5ಕ್ಕೆ 4. ಆಪರೇಷನ್ ದಿನ ನಾಡಿ 76 ಇತ್ತು.