ದೊಡ್ಡ ನಾಯಿ ಓಕರಿಸಿ ಓಕರಿಸಿ ಏನೂ ಬಾರದಿದ್ದರೆ, ದಯವಿಟ್ಟು ಕಾಯಬೇಡಿ

ಮೊದಲು ವಿಷಯ ಹೇಳಿಬಿಡುತ್ತೇನೆ, ಕಥೆ ಆಮೇಲೆ. ನಿಮ್ಮ ಮನೆಯಲ್ಲಿ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಆಳವಾದ ಎದೆಯ ದೊಡ್ಡ ನಾಯಿ ಇದ್ದು, ಅದು ಮತ್ತೆ ಮತ್ತೆ ಓಕರಿಸಿದರೂ ನೊರೆ, ಲೋಳೆ ಬಿಟ್ಟು ಬೇರೇನೂ ಬಾರದಿದ್ದರೆ, ಮಲಗಲಾಗದೆ ಎದ್ದು ಎದ್ದು ತಿರುಗುತ್ತಿದ್ದರೆ, ಪಕ್ಕೆಲುಬಿನ ಹಿಂದೆ ಹೊಟ್ಟೆ ಬಿಗಿಯುತ್ತಾ ಬಂದರೆ, ಆ ಕ್ಷಣವೇ ಗಾಡಿಗೆ ಹತ್ತಿಸಿ. ಇದು ಬ್ಲೋಟ್ ಇರಬಹುದು, ಜಠರ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ. ಗ್ಯಾಸ್ ಸಿರಪ್ ಬೇಡ. ಬೆಳಗ್ಗೆ ನೋಡೋಣ ಅನ್ನುವುದು ಬೇಡ. ಎಕ್ಸ್‌ರೇ, ಆಪರೇಷನ್ ಎರಡೂ ಇರುವ ಆಸ್ಪತ್ರೆಗೇ ಹೋಗಿ, ದಾರಿಯಿಂದಲೇ ಫೋನ್ ಮಾಡಿ ಸಿದ್ಧವಾಗಿರಲು ಹೇಳಿ.

ನಾವು ಕಳೆದುಕೊಂಡದ್ದು ನಾಲ್ಕು ಗಂಟೆ. ನಮ್ಮ ಗ್ರೇಟ್ ಡೇನ್ ಕೆಂಚ 2023ರ ಡಿಸೆಂಬರ್‌ನ ಒಂದು ಸೋಮವಾರ, ಬೆಳಗಿನ ಜಾವ 4.20ಕ್ಕೆ ಸತ್ತ. ಅವನಿಗಾಗ ಎರಡು ವರ್ಷ ನಾಲ್ಕು ತಿಂಗಳು. ಇದರಲ್ಲಿ ಬರುವ ಯಾರ ಹೆಸರನ್ನೂ ನಾನು ಬರೆಯುತ್ತಿಲ್ಲ. ಬರೆದರೆ ಮಾತೆಲ್ಲ ಅವರ ಸುತ್ತಲೇ ತಿರುಗಿ ನಾಯಿಗಳ ವಿಷಯ ಹಿಂದೆ ಬೀಳುತ್ತದೆ.

ಕೆಂಚ ನಮ್ಮ ತುಮಕೂರಿನ ಮನೆಗೆ ಬಂದಾಗ ಒಂಬತ್ತು ವಾರದ ಮರಿ. ಕೆನೆಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಅವನಿಗೆ ಒಂದು ಉದ್ದದ ಇಂಗ್ಲಿಷ್ ಹೆಸರಿತ್ತು. ಮೈಬಣ್ಣ, ಕಪ್ಪು ಮುಖ ನೋಡಿ ಕೆಂಚ ಎಂದು ಕರೆದವರು ನಮ್ಮತ್ತೆ. ಆ ಹೆಸರೇ ಉಳಿಯಿತು. ಕಾಗದದಲ್ಲಿ ಮೂರು ತಲೆಮಾರಿನ ಹೆಸರು, ಅದರಲ್ಲಿ ಅಷ್ಟೊಂದು ಚಾಂಪಿಯನ್‌ಗಳು. ಕತ್ತಿನ ಬಳಿ ಗುರುತಿನ ಮೈಕ್ರೋಚಿಪ್. ಇಷ್ಟಿದ್ದರೆ ಇನ್ನೇನು ಕೇಳುವುದಿದೆ ಅಂದುಕೊಂಡೆವು.

ಗೊತ್ತಿರುವವರು ಹೇಳಿದ್ದಾರೆ ಅಂತ ಸುಮ್ಮನೆ ನಂಬಿದ್ದು ಅಲ್ಲಿಂದಲೇ ಶುರು. ಮರಿ ಕೊಟ್ಟವರು ದಿನಾ ಕ್ಯಾಲ್ಸಿಯಂ ಸಿರಪ್ ಹಾಕಿ, ಮೂಳೆ ದಪ್ಪ ಬರುತ್ತದೆ, ಹೊಟ್ಟೆ ತುಂಬ ತಿನ್ನಿಸಿ ಎಂದಿದ್ದರು. ಹಾಕಿದೆವು. ಐದನೇ ತಿಂಗಳಿಗೆ ಮುಂಗಾಲಿನ ಮಣಿಕಟ್ಟು ಊದಿಕೊಂಡು ಕುಂಟತೊಡಗಿದ. ಎಳೆ ಮರಿಗಳ ಕರುಳು ಹೆಚ್ಚಾದ ಕ್ಯಾಲ್ಸಿಯಂ ಬೇಡ ಎನ್ನಲಾರದು, ಹಾಕಿದಷ್ಟೂ ಹೆಚ್ಚು ಹೀರಿಕೊಳ್ಳುತ್ತದೆ, ದೊಡ್ಡ ತಳಿಗಳಲ್ಲಿ ಅದು ಬೆಳೆಯುವ ಮೂಳೆಯನ್ನೇ ಕೆಡಿಸುತ್ತದೆ ಎಂದು ವೈದ್ಯರು ಆಮೇಲೆ ಬಿಡಿಸಿ ಹೇಳಿದರು. ಸಿರಪ್ ನಿಲ್ಲಿಸಿ, ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಆಹಾರವನ್ನು ಅಳತೆಯಲ್ಲಿ ಹಾಕತೊಡಗಿದ ಮೇಲೆ ಮೂರು ತಿಂಗಳಲ್ಲಿ ಸುಧಾರಿಸಿದ. ಆಗಲೇ ನಾವು ಪಾಠ ಕಲಿಯಬೇಕಿತ್ತು.

ಎರಡು ವರ್ಷಕ್ಕೆ ಭುಜದ ಹತ್ತಿರ 86 ಸೆಂಟಿಮೀಟರ್ ಎತ್ತರ, 62 ಕೆಜಿ ತೂಕ. ಗ್ರೇಟ್ ಡೇನ್ ಗಂಡಿಗೆ ಕನಿಷ್ಠ 80 ಸೆಂಟಿಮೀಟರ್ ಇರಬೇಕು ಎನ್ನುತ್ತದೆ ಕೆನೆಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐನ ಮಾನದಂಡ. ನಡಿಗೆ ನೋಡಿದವರೆಲ್ಲ ಡಾಗ್ ಶೋಗೆ ಹಾಕಿ ಎಂದರು. ಹಾಕಿದೆವು. ಎರಡನೇ ಶೋನಲ್ಲೇ ಸಿಸಿ, ಅಂದರೆ ಚಾಂಪಿಯನ್ ಪಟ್ಟಕ್ಕೆ ಲೆಕ್ಕವಾಗುವ ಚಾಲೆಂಜ್ ಸರ್ಟಿಫಿಕೇಟ್, ಸಿಕ್ಕಿತು. ಆವತ್ತು ರಿಂಗ್‌ನಲ್ಲಿ ಅವನು ತಲೆ ಎತ್ತಿ ನಿಂತಿದ್ದನ್ನು ನೆನೆಸಿಕೊಂಡರೆ ಈಗಲೂ ಎದೆ ತುಂಬುತ್ತದೆ. ಶೋ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ.

ರಿಂಗ್‌ನಲ್ಲಿ ಅವನನ್ನು ಓಡಿಸಿ ತೋರಿಸಿದ ಹ್ಯಾಂಡ್ಲರ್ ಆಮೇಲೆ ನಮ್ಮ ಹತ್ತಿರ ಬಂದು, "ಅಕ್ಕಾ, ಸೀಸನ್ ಪೂರ್ತಿ ನಮ್ ಹತ್ರ ಬಿಡಿ. ಬಾಡಿ ಇನ್ನೂ ಸ್ವಲ್ಪ ತುಂಬ್ಬೇಕು. ಫೆಬ್ರವರಿಯೊಳಗೆ ಚಾಂಪಿಯನ್ ಮಾಡಿ ಕೊಡ್ತೀನಿ" ಎಂದರು. ತಿಂಗಳಿಗೆ 15,000 ರೂಪಾಯಿ, ಶೋ ಖರ್ಚು ಬೇರೆ. ಅಕ್ಟೋಬರ್‌ನಲ್ಲಿ ಬಿಟ್ಟುಬಂದೆವು. ಒಂದು ಕಾಗದ ಬರೆಸಿಕೊಳ್ಳಲಿಲ್ಲ. ಏನು ಹಾಕುತ್ತಾರೆ, ಎಷ್ಟು ಹೊತ್ತಿಗೆ ಹಾಕುತ್ತಾರೆ, ಹುಷಾರು ತಪ್ಪಿದರೆ ಯಾವ ಆಸ್ಪತ್ರೆ, ಒಂದನ್ನೂ ಕೇಳಲಿಲ್ಲ. ನವೆಂಬರ್‌ನಲ್ಲಿ ಹೋಗಿ ನೋಡಿದಾಗ ಸ್ಟ್ಯಾಂಡ್ ಮೇಲೆ ದೊಡ್ಡ ಸ್ಟೀಲ್ ಬೋಗುಣಿ ಇಟ್ಟು ಕೋಳಿ, ಅನ್ನ, ಒಣ ಆಹಾರ ಎಲ್ಲ ಕಲಸಿ ಒಂದೇ ಹೊತ್ತು ಹಾಕುತ್ತಿದ್ದರು. ಪಕ್ಕದ ಕ್ರೇಟ್ ಪಂಜರಗಳಲ್ಲಿ ಎಂಟು ಹತ್ತು ನಾಯಿ ಬೊಗಳುತ್ತಿದ್ದವು. ಯಾರಾದರೂ ಕಿತ್ತುಕೊಂಡಾರು ಅನ್ನುವ ಹಾಗೆ ಅವನು ಗಬಗಬನೆ ನುಂಗುತ್ತಿದ್ದ. ಮನೆಯಲ್ಲಿ ಮೂರು ಹೊತ್ತು ನಿಧಾನವಾಗಿ ತಿನ್ನುತ್ತಿದ್ದ ನಾಯಿ ಅದು. ನನಗೆ ಕಸಿವಿಸಿಯಾಯಿತು. ಆದರೂ ಬಾಯಿ ಬಿಡಲಿಲ್ಲ. ಇಪ್ಪತ್ತು ವರ್ಷದ ಅನುಭವ ಇರುವವರ ಮುಂದೆ ನಾನೇನು ಹೇಳಲಿ ಅಂದುಕೊಂಡೆ.

ಆ ಭಾನುವಾರದ ಶೋ ಬೆಂಗಳೂರಿನ ಹೊರವಲಯದಲ್ಲಿತ್ತು. ರಿಂಗ್‌ನಲ್ಲಿ ಚುರುಕಾಗಿರಲಿ ಅಂತ ಬೆಳಗಿನಿಂದ ಅವನಿಗೆ ಏನೂ ಕೊಟ್ಟಿರಲಿಲ್ಲ. ತೀರ್ಪುಗಾರರ ಮುಂದೆ ಅಲುಗದ ಹಾಗೆ ನಿಲ್ಲಿಸುವಾಗ ತೋರಿಸುವ ಬೇಯಿಸಿದ ಲಿವರ್ ತುಂಡುಗಳಷ್ಟೇ. ಮಧ್ಯಾಹ್ನ ಬೆಸ್ಟ್ ಆಫ್ ಬ್ರೀಡ್, ಅಂದರೆ ತಳಿಗೇ ಮೊದಲ ಸ್ಥಾನ, ಬಂತು. ಆ ಸಂತೋಷದಲ್ಲಿ ಎರಡೂವರೆಗೆ ಬೋಗುಣಿ ತುಂಬ ಊಟ, ಮೇಲೆ ಬಕೆಟ್ಟಿನ ನೀರು. ಆಮೇಲೆ ವ್ಯಾನಿನ ಕ್ರೇಟ್‌ನಲ್ಲಿ ಕೂಡಿಹಾಕಿದರು. ಐದೂವರೆಗೆ ಗ್ರೂಪ್ ಲೈನಪ್‌ಗೆ, ಅಂದರೆ ಬೇರೆ ತಳಿಗಳಲ್ಲಿ ಗೆದ್ದ ನಾಯಿಗಳ ಜೊತೆಗಿನ ಸುತ್ತಿಗೆ, ಹೊರತೆಗೆದು ಮತ್ತೆ ಓಡಿಸಿದರು.

6.40ಕ್ಕೆ ಮೊದಲ ಓಕರಿಕೆ. ನಾನು ಅಲ್ಲೇ ಇದ್ದೆ. ಕತ್ತು ಚಾಚಿ, ಹೊಟ್ಟೆ ಎಳೆದು, ಬಾಯಿ ತೆರೆದ. ಬಂದದ್ದು ಬಿಳಿ ನೊರೆ. ಎರಡು ನಿಮಿಷ ಬಿಟ್ಟು ಮತ್ತೆ. ಮಲಗಲು ಮಂಡಿಯೂರುತ್ತಿದ್ದ, ಆಗದೆ ಎದ್ದುಬಿಡುತ್ತಿದ್ದ. ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದ್ದ. ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು.

"ಗ್ಯಾಸ್ ಅಕ್ಕ ಇದು. ಬಿಸಿಲಲ್ಲಿ ನಿಂತಿದ್ದಕ್ಕೆ. ಟೆನ್ಶನ್ ಮಾಡ್ಕೋಬೇಡಿ," ಎಂದು ಹ್ಯಾಂಡ್ಲರ್ ಸಿರಪ್ ಕುಡಿಸಿದರು. ಅತ್ತೆಗೆ ಫೋನ್ ಮಾಡಿದೆ. ಊರಲ್ಲಿ ಹಸು ಕಟ್ಟಿ ಬಾಳಿದವರು. "ಹೊಟ್ಟೆ ಉಬ್ರೈತೇನೆ? ಕಡ್ಲೆಕಾಯಿ ಎಣ್ಣೆ ಕುಡಿಸ್ರಿ, ಓಡಾಡಿಸ್ರಿ, ಇಳೀತದೆ" ಎಂದರು. ಹಸುವಿನ ಹೊಟ್ಟೆಯುಬ್ಬರದಲ್ಲಿ ಎಣ್ಣೆ ನೊರೆಯನ್ನು ಒಡೆಯುತ್ತದೆ, ಅವರು ಹೇಳಿದ್ದು ಹಸುವಿಗೆ ಸರಿ. ನಾಯಿಯದು ಬೇರೆಯೇ ಕಾಯಿಲೆ ಅಂತ ಆ ಹೊತ್ತು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹತ್ತು ಸುತ್ತು ಓಡಾಡಿಸಿದೆವು. ಆ ಹತ್ತು ಸುತ್ತು ನನ್ನನ್ನು ಈಗಲೂ ಸುಮ್ಮನೆ ಬಿಟ್ಟಿಲ್ಲ.

ಎಂಟು ಗಂಟೆಗೆ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಎಕ್ಸ್‌ರೇ ಇರಲಿಲ್ಲ. ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು, ರಾತ್ರಿ ಏನೂ ತಿನ್ನಿಸಬೇಡಿ, ಬೆಳಗ್ಗೆ ಕರೆತನ್ನಿ ಎಂದರು. ಮನೆಗೇ ಹೋಗೋಣ ಅಂತ ತುಮಕೂರಿನ ಕಡೆ ಹೊರಟೆವು. ನೆಲಮಂಗಲ ದಾಟುವಾಗ ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆ ಮೇಲೆ ಕುಸಿಯಿತು. ಮೊಬೈಲ್ ಬೆಳಕಿನಲ್ಲಿ ತುಟಿ ಎತ್ತಿ ನೋಡಿದೆ, ಗುಲಾಬಿ ಬಣ್ಣದ ವಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಹೊಟ್ಟೆ ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು. ನನ್ನ ಯಜಮಾನರು ಅಲ್ಲೇ ಗಾಡಿ ತಿರುಗಿಸಿದರು.

ರಾತ್ರಿಯಿಡೀ ತೆರೆದಿರುವ ಆಸ್ಪತ್ರೆ ಹುಡುಕಿ ತಲುಪುವಾಗ 10.40. ಎಕ್ಸ್‌ರೇಯಲ್ಲಿ ಜಠರ ಗಾಳಿ ತುಂಬಿ, ನಡುವೆ ಮಡಚಿಕೊಂಡು, ಎರಡು ಗುಳ್ಳೆಗಳ ಹಾಗೆ ಕಾಣುತ್ತಿತ್ತು. ಡಾಕ್ಟರು ನೋಡಿದ ತಕ್ಷಣ ದಪ್ಪ ಸೂಜಿ ಚುಚ್ಚಿ ಗಾಳಿ ಬಿಟ್ಟರು, ಎರಡು ಕಾಲಿಗೂ ಡ್ರಿಪ್ ಹಾಕಿದರು, ಹನ್ನೆರಡಕ್ಕೆ ಆಪರೇಷನ್ ಶುರು ಮಾಡಿದರು. ಜಠರದ ಒಂದು ಭಾಗ ಕಪ್ಪಾಗಿತ್ತು. ಗುಲ್ಮವನ್ನು ತೆಗೆಯಬೇಕಾಯಿತು. ಆಪರೇಷನ್ ಮುಗಿದು ಕಣ್ಣು ಬಿಟ್ಟ, ನನ್ನ ದನಿಗೆ ಬಾಲದ ತುದಿ ಅಲುಗಿಸಿದ. ಆಮೇಲೆ ಎದೆಬಡಿತ ತಾಳ ತಪ್ಪಿತು. ಅವರು ತಮ್ಮ ಕೈಲಾದದ್ದೆಲ್ಲ ಮಾಡಿದರು.

ಇದನ್ನು ಜಿಡಿವಿ ಅನ್ನುತ್ತಾರೆ, ನಾಯಿ ಸಾಕುವವರ ಬಾಯಲ್ಲಿ ಬ್ಲೋಟ್. ಜಠರ ಗಾಳಿಯಿಂದ ಉಬ್ಬಿ, ಬುಟ್ಟಿ ಮಗುಚಿದ ಹಾಗೆ ತನ್ನ ಸುತ್ತ ತಾನೇ ತಿರುಗಿಬಿಡುತ್ತದೆ. ಅನ್ನನಾಳದ ಬಾಯಿಯೂ ಮುಚ್ಚುತ್ತದೆ, ಕರುಳಿನ ದಾರಿಯೂ ಮುಚ್ಚುತ್ತದೆ. ವಾಂತಿ ಬಾರದ್ದು ಅದಕ್ಕೇ. ಕುಡಿಸಿದ ಸಿರಪ್ ಒಳಗೆ ಹೋಗಲು ದಾರಿಯೇ ಇರುವುದಿಲ್ಲ, ಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಉಬ್ಬಿದ ಜಠರ ದೊಡ್ಡ ರಕ್ತನಾಳವನ್ನು ಒತ್ತಿ, ಹಿಂಭಾಗದ ರಕ್ತ ಹೃದಯಕ್ಕೆ ಮರಳದ ಹಾಗೆ ಮಾಡುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಗಂಟೆಗಳ ಲೆಕ್ಕ. ತಳಿಗಳಲ್ಲೆಲ್ಲ ಗ್ರೇಟ್ ಡೇನ್‌ಗೇ ಇದರ ಅಪಾಯ ಹೆಚ್ಚು.

ಆ ಊಟವೇ ಕೊಂದಿತು, ಆ ಓಟವೇ ಕೊಂದಿತು ಅಂತ ಒಂದನ್ನೇ ಹಿಡಿದು ಹೇಳಲಾಗದು ಎಂದರು ಡಾಕ್ಟರು. ದಿನಕ್ಕೆ ಒಂದೇ ದೊಡ್ಡ ಊಟ, ಗಬಗಬನೆ ನುಂಗುವುದು, ಹೊಸ ಜಾಗದ ಒತ್ತಡ, ಇವೆಲ್ಲ ಸೇರಿ ಅಪಾಯ ಏರುತ್ತದಂತೆ. ಸ್ಟ್ಯಾಂಡ್ ಮೇಲೆ ಬೋಗುಣಿ ಇಟ್ಟರೆ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ಬೋಗುಣಿಯಲ್ಲಿ ತಿನ್ನುವ ದೊಡ್ಡ ನಾಯಿಗಳಲ್ಲೇ ಇದು ಹೆಚ್ಚು ಕಂಡುಬಂದಿತ್ತು. ಅದೇ ಅಧ್ಯಯನದ ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸಿತು: ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬ್ಲೋಟ್ ಆಗಿದ್ದರೆ ಆ ನಾಯಿಗೂ ಅಪಾಯ ಹೆಚ್ಚು.

ಮರಿ ಕೊಟ್ಟವರಿಗೆ ಫೋನ್ ಮಾಡಿದೆ. ಕೆಂಚನ ಅಪ್ಪ ಹೇಗೆ ಸತ್ತ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದೂ ಬ್ಲೋಟೇ ಮೇಡಂ. ಅದಕ್ಕಾಗ ನಾಲ್ಕು ವರ್ಷ ವಯಸ್ಸು. ನೀವು ಕೇಳಿದ್ರೆ ಹೇಳ್ತಿದ್ದೆ" ಎಂದರು. ನಾವು ಮರಿ ತರುವ ಮೊದಲೇ ಸತ್ತಿತ್ತು. ಕಾಗದದಲ್ಲಿ ಅದರ ಹೆಸರಿತ್ತು, ಹೆಸರಿನ ಮುಂದೆ ಚಾಂಪಿಯನ್ ಎಂದೂ ಇತ್ತು. ಹೇಗೆ ಸತ್ತಿತು ಎಂದು ಬರೆಯಲು ಆ ಕಾಗದದಲ್ಲಿ ಜಾಗವಿಲ್ಲ. ದೊಡ್ಡ ತಳಿಯ ಮರಿ ತರಲು ಹೊರಟವರು ಇದನ್ನೇ ಮೊದಲು ಕೇಳಿ. ಅಪ್ಪ ಅಮ್ಮ ಬದುಕಿದ್ದಾರೆಯೇ, ಇಲ್ಲದಿದ್ದರೆ ಎಷ್ಟನೇ ವಯಸ್ಸಿಗೆ, ಯಾವುದರಿಂದ ಹೋದರು? ಸೊಂಟದ ಎಕ್ಸ್‌ರೇ, ಹೃದಯದ ಪರೀಕ್ಷೆ ಆಗಿದೆಯೇ? ಉತ್ತರ ಹಾರಿಸಿದರೆ ಅಲ್ಲಿಂದ ಎದ್ದು ಬನ್ನಿ. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ, ತಳಿ ಮಾಡುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು ಎಂದು 2017ರ ನಿಯಮ ಹೇಳುತ್ತದೆ. ಆ ನೋಂದಣಿ ಪತ್ರವನ್ನೂ ಕೇಳಿ ನೋಡಿ.

ಹ್ಯಾಂಡ್ಲರ್ ಹತ್ತಿರ ಬಿಡುವವರಿಗೆ. ನಾಯಿ ರಾತ್ರಿ ಎಲ್ಲಿ ಮಲಗುತ್ತದೆ, ದಿನಕ್ಕೆ ಎಷ್ಟು ಹೊತ್ತು ಊಟ, ಶೋ ದಿನ ಊಟ ಯಾವಾಗ, ವ್ಯಾನಿನಲ್ಲಿ ನಾಯಿ ಇರುವಾಗ ಜೊತೆಗೆ ಮನುಷ್ಯರು ಇರುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಿ. ಊಟದ ಅಳತೆ, ಹೊತ್ತು ಬರೆದುಕೊಡಿ. ತುರ್ತು ಬಂದರೆ ನನ್ನ ಫೋನಿಗೆ ಕಾಯದೆ ಆಪರೇಷನ್ ಮಾಡಿಸಿ, ಖರ್ಚು ನನ್ನದು ಎಂದು ಸಹಿ ಮಾಡಿದ ಕಾಗದವನ್ನು ಅವರ ಕೈಗೆ ಕೊಟ್ಟಿರಿ. ಶೋಗೆ ಹೋಗುವ ಮುನ್ನ ದಿನವೇ ಆ ಮೈದಾನಕ್ಕೆ ಹತ್ತಿರದ, ಭಾನುವಾರ ರಾತ್ರಿಯೂ ಆಪರೇಷನ್ ಮಾಡುವ ಆಸ್ಪತ್ರೆಗೆ ಫೋನ್ ಹಚ್ಚಿ ಖಾತ್ರಿ ಮಾಡಿಕೊಳ್ಳಿ. 62 ಕೆಜಿ ನಾಯಿಯನ್ನು ಕುಸಿದ ಮೇಲೆ ಎತ್ತಲು ಮೂವರು ಬೇಕಾದರು, ಕಾರಿನಲ್ಲಿ ಒಂದು ದಪ್ಪ ಜಮಖಾನ ಇಟ್ಟಿರಿ.

ಜಠರವನ್ನು ಹೊಟ್ಟೆಯ ಗೋಡೆಗೆ ಮೊದಲೇ ಹೊಲಿದುಬಿಡುವ ಆಪರೇಷನ್ ಇದೆ, ಗ್ಯಾಸ್ಟ್ರೋಪೆಕ್ಸಿ ಅನ್ನುತ್ತಾರೆ. ಗಾಳಿ ತುಂಬುವುದನ್ನು ಅದು ತಡೆಯುವುದಿಲ್ಲ, ಆದರೆ ಜಠರ ತಿರುಚಿಕೊಳ್ಳುವುದನ್ನು ಬಹುಮಟ್ಟಿಗೆ ತಡೆಯುತ್ತದೆ, ಹೆಚ್ಚಾಗಿ ಕೊಲ್ಲುವುದು ಆ ತಿರುಚೇ. ಕೆಂಚನಿಗೆ ಒಂದೂವರೆ ವರ್ಷವಾದಾಗ ನಮ್ಮ ವೈದ್ಯರು ಇದರ ಮಾತೆತ್ತಿದ್ದರು. ಬೀಜ ತೆಗೆಸಿದ ಗಂಡು ಶೋಗೆ ಬರುವುದಿಲ್ಲವಲ್ಲ ಅಂತ ಎರಡನ್ನೂ ಒಂದೇ ಅಂದುಕೊಂಡು ಬೇಡವೆಂದೆ. ಎರಡೂ ಬೇರೆ ಬೇರೆ. ಬೀಜ ಮುಟ್ಟದೆಯೇ ಇದನ್ನು ಮಾಡಬಹುದು. ಇನ್ನೊಂದು ಮಾತು ಕೇಳಿದ್ದರೆ ಡಾಕ್ಟರೇ ಹೇಳುತ್ತಿದ್ದರು, ನಾನು ಕೇಳಲಿಲ್ಲ.

ಕೆಂಚನ ಒಡಹುಟ್ಟಿದವರು ಏಳು. ಜನವರಿಯಿಂದ ಒಂದೊಂದೇ ಮನೆ ಹುಡುಕಿ ಫೋನ್ ಮಾಡುತ್ತಾ ಬಂದೆ. ಐದು ಸಿಕ್ಕವು. ಹಾಸನದ ಮನೆಯಲ್ಲಿದ್ದ ತಂಗಿಗೂ ಬೆಂಗಳೂರಿನ ಒಬ್ಬ ತಮ್ಮನಿಗೂ ಹೊಟ್ಟೆ ಹೊಲಿಸಿದ್ದಾರೆ. ಉಳಿದ ಮೂವರ ಮನೆಯವರಿಗೆ ಲಕ್ಷಣಗಳನ್ನು ಹೇಳಿದ್ದೇನೆ, ಬರೆದೂ ಕಳಿಸಿದ್ದೇನೆ. ಇನ್ನೆರಡು ಸಿಕ್ಕಿಲ್ಲ. ಒಂದು ಹೆಣ್ಣು, ಮೈ ಪೂರ್ತಿ ಕೆಂಚು, ಎಡಗಿವಿಯ ತುದಿ ಸ್ವಲ್ಪ ಹರಿದಿದೆ. ಇನ್ನೊಂದು ಗಂಡು, ಎದೆಯ ಮೇಲೆ ಹುಣಸೆ ಬೀಜದಷ್ಟು ಬಿಳಿ ಮಚ್ಚೆ. ಎರಡೂ 2021ರ ಆಗಸ್ಟ್‌ನಲ್ಲಿ ಹುಟ್ಟಿದವು, ಹುಬ್ಬಳ್ಳಿ ಧಾರವಾಡದ ಕಡೆ ಹೋದವು ಎಂದಷ್ಟೇ ಗೊತ್ತಾಗಿದೆ. ನಿಮ್ಮ ಮನೆಯಲ್ಲೋ ಪರಿಚಯದವರ ಮನೆಯಲ್ಲೋ ಅಂಥ ಗ್ರೇಟ್ ಡೇನ್ ಇದ್ದರೆ ನನಗೆ ತಿಳಿಸಿ. ಮೈಕ್ರೋಚಿಪ್ ನಂಬರ್ ತಾಳೆ ನೋಡಿ ಹೇಳುತ್ತೇನೆ.