ಬಿಳಿ ಬೋರ್ಡಿನ ಬಾಡಿಗೆ ಕಾರು ಹಿಡಿದು ದೂರ ಹೊರಡುವವರೇ, ಒಮ್ಮೆ ಇದನ್ನು ಓದಿ

ಗಲ್ಫಿನಿಂದ ರಜೆಗೆ ಊರಿಗೆ ಬರುವವರು, ಅವರಿಗಾಗಿ ಮೊದಲೇ ಕಾರು ಗೊತ್ತುಮಾಡಿ ಇಡುವ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ನೀಲೇಶ್ವರದವರೆಗೆ ಯಾವ ಪೇಟೆಯಲ್ಲಿ ವಿಚಾರಿಸಿದರೂ 'ರೆಂಟಿಗೆ ಕಾರು ಉಂಟು' ಎನ್ನುವ ಯಾರಾದರೊಬ್ಬರು ಸಿಗುತ್ತಾರೆ. ಹಾಗೆ ಸಿಗುವ ಕಾರುಗಳಲ್ಲಿ ಬಹಳಷ್ಟು ಬಿಳಿ ನಂಬರ್ ಪ್ಲೇಟಿನವು. ಅಂದರೆ ಸರ್ಕಾರಿ ದಾಖಲೆಯ ಪ್ರಕಾರ ಅವು ಯಾರದೋ ಮನೆ ಬಳಕೆಯ ಕಾರು. ಮದುವೆ, ಪೂಜೆ ಎಂದು ಊರೊಳಗೆ ಓಡಾಡಿ ವಾಪಸು ಕೊಡುವಾಗ ಇದರ ತೊಂದರೆ ಯಾರಿಗೂ ಗೊತ್ತಾಗುವುದಿಲ್ಲ. ಆರುನೂರು ಕಿಲೋಮೀಟರು ಆಚೆ, ಭಾಷೆ ಬಾರದ ಊರಿನಲ್ಲಿ, ರಾತ್ರಿ ಹೊತ್ತು ಟಯರು ಸಿಡಿದು ನಿಂತಾಗ ಗೊತ್ತಾಗುತ್ತದೆ. ನಮಗೆ ಹಾಗೆಯೇ ಗೊತ್ತಾಯಿತು.

ಕ್ರಿಸ್‌ಮಸ್ ರಜೆಯಲ್ಲಿ ಭಾವ ದುಬೈಯಿಂದ ಬಂದಿದ್ದರು. ಅಮ್ಮನಿಗೆ ಕೊಲ್ಲಾಪುರದ ಮಹಾಲಕ್ಷ್ಮಿಯನ್ನೂ ಪಂಢರಪುರವನ್ನೂ ನೋಡಬೇಕೆಂದು ಬಹಳ ಕಾಲದ ಆಸೆ. ಭಾವನಿಗೆ ಕಾರು ಓಡಿಸುವುದೆಂದರೆ ಪ್ರಾಣ. ಪರಿಚಯದವರ ಮೂಲಕ ಒಬ್ಬರು ಟರ್ಬೊ ಪೆಟ್ರೋಲಿನ ಆಟೊಮ್ಯಾಟಿಕ್ ಸೆಡಾನ್ ಒಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ನೋಡಲು ಎಂಥ ಚಂದ! ನೆಲಕ್ಕೆ ತಾಗಿದಂತೆ ಕೂತ ಕಪ್ಪು ಕಾರು, ಹದಿನೆಂಟು ಇಂಚಿನ ಅಲಾಯ್ ಚಕ್ರ, ಟಯರಿಗೆ ಪಾಲಿಶು ಉಜ್ಜಿ ಹೊಳೆಯುವಂತೆ ಮಾಡಿದ್ದರು. ಅಡ್ವಾನ್ಸು 25,000 ರೂಪಾಯಿ. ಅದರ ಮೇಲೆ ಭಾವನ ಒರಿಜಿನಲ್ ಪಾಸ್‌ಪೋರ್ಟ್ ಇಟ್ಟುಕೊಂಡರು. "ಎಲ್ಲರೂ ಕೊಡ್ತಾರೆ, ಕಾರು ತಂದ ಕೂಡಲೇ ವಾಪಸ್" ಎಂದರು. ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದರು: "ದಾರಿಯಲ್ಲಿ ಪೊಲೀಸರು ಕೇಳಿದರೆ ಫ್ರೆಂಡಿನ ಕಾರು ಅಂತ ಹೇಳಿ ಸಾಕು." ನಿಮಗೆ ಯಾರಾದರೂ ಹೀಗೆ ಹೇಳಿಕೊಟ್ಟರೆ ಕೀಲಿಯನ್ನು ಅಲ್ಲೇ ಅವರ ಕೈಗೆ ಕೊಟ್ಟುಬಿಡಿ. ಸುಳ್ಳು ಹೇಳಿ ಓಡಿಸಬೇಕಾದ ಕಾರು ನಿಮ್ಮ ಕಷ್ಟಕ್ಕೆ ಆಗಿಬರುವುದಿಲ್ಲ.

ಹೋಗುವ ದಾರಿ ಚೆನ್ನಾಗಿತ್ತು ಎಂದೇ ಹೇಳಬೇಕು. ತಲಪಾಡಿ ದಾಟಿ ಉಡುಪಿ, ಕುಂದಾಪುರ, ಭಟ್ಕಳ, ಅಂಕೋಲೆಯವರೆಗೆ ಹೆದ್ದಾರಿ 66ರಲ್ಲಿ ಕಾರು ನೀರಿನಂತೆ ಹರಿಯಿತು. ಅಂಕೋಲೆಯಲ್ಲಿ ಬಲಕ್ಕೆ ತಿರುಗಿ ಅರಬೈಲು ಘಟ್ಟ ಹತ್ತುವಾಗ ಹಂಪುಗಳಲ್ಲಿ ಹೊಟ್ಟೆ ಉಜ್ಜಿ 'ಕರ್' ಎಂದು ಸದ್ದು ಬರುತ್ತಿತ್ತು. ಹಿಂದೆ ಕೂತ ಅಮ್ಮ ಪ್ರತಿ ಸಲ 'ನಾರಾಯಣಾ' ಎನ್ನುತ್ತಿದ್ದರು. ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ಬೆಳಗಾವಿ ಆಯಿತು. ನಿಪ್ಪಾಣಿಯ ಹತ್ತಿರ ತವಂದಿ ಘಾಟ್ ಇಳಿಯುವಾಗ ಕತ್ತಲೆಯಾಗಿತ್ತು.

ಗಡಿ ದಾಟಿ ಮಹಾರಾಷ್ಟ್ರದ ಕಾಗಲ್ ಸಮೀಪ ಹೆದ್ದಾರಿ 48ರಲ್ಲಿ ಅಗಲೀಕರಣದ ಕೆಲಸ. ಅಲ್ಲಲ್ಲಿ ವಾಹನಗಳನ್ನು ಪಕ್ಕದ ರಸ್ತೆಗೆ ಇಳಿಸುತ್ತಾರೆ, ಮತ್ತೆ ಮೇಲೆ ಹತ್ತಿಸುತ್ತಾರೆ. ಹೊಸ ಡಾಂಬರು ಹಳೆಯದಕ್ಕೆ ಸೇರುವಲ್ಲಿ ಒಂದು ಮೆಟ್ಟಿಲಿನಷ್ಟು ಎತ್ತರದ ಅಂಚು. ಭಾವ ನಿಧಾನವಾಗಿಯೇ ಇದ್ದರು, ಮುಂದೆ ಲಾರಿ ಇತ್ತು. ಎಡಗಡೆಯ ಮುಂದಿನ ಚಕ್ರ ಆ ಅಂಚಿಗೆ ಹೊಡೆದ ಸದ್ದು ಕೇಳಿತು, ಸ್ಟಿಯರಿಂಗ್ ಎಡಕ್ಕೆ ಎಳೆಯಿತು, ಆಮೇಲೆ ರಿಮ್ಮು ನೆಲಕ್ಕೆ ಉಜ್ಜುವ ಸದ್ದು. ಕಾರು ನಿಂತದ್ದು ಅರ್ಧ ರಸ್ತೆಯ ಮೇಲೆ.

ಡಿಸೆಂಬರಿನಲ್ಲಿ ಕೊಲ್ಲಾಪುರದ ಕಡೆ ಕಬ್ಬು ಕಟಾವಿನ ಕಾಲ. ಒಂದರ ಹಿಂದೆ ಒಂದು ಎರಡೆರಡು ಟ್ರಾಲಿ ಕಟ್ಟಿದ ಟ್ರಾಕ್ಟರುಗಳು ಸಕ್ಕರೆ ಕಾರ್ಖಾನೆಗೆ ಸಾಗುತ್ತಿರುತ್ತವೆ. ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ, ಎಷ್ಟೋ ಟ್ರಾಲಿಗಳಿಗೆ ಹಿಂದೆ ದೀಪವೂ ಇಲ್ಲ. ನಾನೂ ಭಾವನೂ ಮೊಬೈಲಿನ ಟಾರ್ಚು ಬೀಸುತ್ತಾ ಹಿಂದೆ ನಿಂತೆವು. ಅಕ್ಕ ಅಮ್ಮನ ಕೈ ಹಿಡಿದು ಪಕ್ಕದ ಗದ್ದೆಯ ಬದುವಿಗೆ ಇಳಿಸಿದಳು. ಅಮ್ಮನಿಗೆ ಮಂಡಿನೋವು, ಇಳಿಜಾರಿನಲ್ಲಿ ಅವರು ಕೂತೇ ಇಳಿಯಬೇಕಾಯಿತು.

ಸ್ಟೆಪ್ನಿ ತೆಗೆಯೋಣ ಎಂದು ಡಿಕ್ಕಿಯ ಹಲಗೆ ಎತ್ತಿದರೆ ಅಲ್ಲಿ ಸ್ಟೆಪ್ನಿಯೇ ಇಲ್ಲ! ಆ ಗುಂಡಿಯಲ್ಲಿ ಹಾಡಿಗೆಂದು ದೊಡ್ಡ ವೂಫರು ಡಬ್ಬ ಕೂರಿಸಿದ್ದರು. ಜಾಕೂ ಇಲ್ಲ, ಚಕ್ರದ ಪಾನವೂ ಇಲ್ಲ, ಕೆಂಪು ತ್ರಿಕೋನವೂ ಇಲ್ಲ. ಕಾರು ಕೊಟ್ಟವರಿಗೆ ಫೋನು ಮಾಡಿದಾಗ ಮೊದಲ ಸಲ ಎತ್ತಿದರು. "ಹತ್ತಿರದ ಪಂಚರ್ ಅಂಗಡಿಗೆ ತೋರಿಸಿ, ಬಿಲ್ಲು ನಿಮ್ಮದೇ" ಎಂದರು. ಆಮೇಲೆ ಎತ್ತಲೇ ಇಲ್ಲ.

ನಮ್ಮ ಕೈ ಹಿಡಿದದ್ದು 1033. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ ಅದು. ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಗಸ್ತಿನ ವಾಹನ ಬಂದು ಹಿಂದೆ ಕೋನು ಇಟ್ಟರು, ಕಾರನ್ನು ಎಳೆದು ಕಾಗಲ್ಲಿನ ಟಯರು ಅಂಗಡಿಯೊಂದರ ಮುಂದೆ ಬಿಟ್ಟರು. ಅಂಗಡಿಯವರು ಗಡಿಯ ಕಡೆಯವರು, ಕನ್ನಡ ಬಲ್ಲವರು. ಆ ಹೊತ್ತಿನಲ್ಲಿ ಕನ್ನಡ ಕೇಳಿ ಅಮ್ಮನ ಕಣ್ಣಲ್ಲಿ ನೀರು ಬಂತು.

ಅವರು ಟಯರು ಬಿಚ್ಚಿ ಬೆಳಕಿಗೆ ಹಿಡಿದರು. "ಇದಕ್ಕ ಪಂಚರ್ ಹಾಕಾಕ ಬರೂದಿಲ್ರಿ, ಬಾಜೂಕ ಹರದೈತಿ. ಇಲ್ಲಿ ತಾರೀಖು ನೋಡ್ರಿ" ಎಂದು ಒಳಬದಿ ತಿರುಗಿಸಿ ತೋರಿಸಿದರು. ಡಿಒಟಿ ಎಂದು ಶುರುವಾಗುವ ಅಕ್ಷರಗಳ ಕೊನೆಗೆ ಒಂದು ಉದ್ದುರುಟಾದ ಚೌಕಟ್ಟು, ಅದರೊಳಗೆ 1417. ಅಂದರೆ 2017ನೇ ಇಸವಿಯ ಹದಿನಾಲ್ಕನೇ ವಾರದಲ್ಲಿ ತಯಾರಾದ ಟಯರು. ಕಾರಿನ ಆರ್‌ಸಿಯಲ್ಲಿ ನೋಂದಣಿ 2021. "ಗಾಡಿಗಿಂತ ಟೈರ ಹಿರೇದು ಐತಲ್ರಿ" ಎಂದರು ಅವರು. ಬೇರಾವುದೋ ಕಾರಿನಿಂದ ಬಿಚ್ಚಿದ ಅಲಾಯ್ ಮತ್ತು ಟಯರಿನ ಸೆಟ್ಟನ್ನು ಚಂದಕ್ಕೆಂದು ಇದಕ್ಕೆ ಹಾಕಿದ್ದರು. ಈ ತಾರೀಖಿನ ಪೂರ್ತಿ ಅಂಕಿ ಎಷ್ಟೋ ಟಯರುಗಳಲ್ಲಿ ಒಂದೇ ಬದಿಗೆ ಇರುತ್ತದೆ. ನಮ್ಮದರಲ್ಲಿ ಆ ಬದಿಯನ್ನು ಒಳಗೆ ಮಾಡಿ ಕೂರಿಸಿದ್ದರು. ರಬ್ಬರಿನ ಮೇಲೆ ಉಗುರು ಗೀರಿದಂತೆ ಸಣ್ಣ ಸಣ್ಣ ಬಿರುಕುಗಳು. ಹೊರಗಡೆ ಅದನ್ನು ಪಾಲಿಶು ಮುಚ್ಚಿತ್ತು.

ಈ ಟಯರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಸ್ಪೋರ್ಟಿ ಕಾರಿನಲ್ಲಿ ಮೊದಲು ಕೈಕೊಡುವುದು ಇಲ್ಲೇ. ನಮ್ಮ ಕಾರಿನ ಟಯರಿನ ಮೇಲೆ 225/40 ಆರ್18 ಎಂದಿತ್ತು. 225 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 40 ಎಂದರೆ ಟಯರಿನ ಬದಿಯ ಎತ್ತರ ಆ ಅಗಲದ ನೂರಕ್ಕೆ ನಲವತ್ತು ಪಾಲು. ಲೆಕ್ಕ ಹಾಕಿದರೆ 90 ಮಿ.ಮೀ. ಚಾಲಕನ ಬಾಗಿಲಿನ ಪಕ್ಕದ ಚೀಟಿಯಲ್ಲಿ ಕಂಪನಿಯೇ ಬರೆದ ಅಳತೆ 205/55 ಆರ್16. ಅದರ ಬದಿ ಸುಮಾರು 113 ಮಿ.ಮೀ. ಗುಂಡಿಗೆ ಬಿದ್ದಾಗ ಪೆಟ್ಟು ನುಂಗುವುದು ಆ ಬದಿಯ ರಬ್ಬರು ಮತ್ತು ಒಳಗಿನ ಗಾಳಿ. ಎತ್ತರ ಕಡಿಮೆಯಾದಷ್ಟೂ ರಿಮ್ಮಿಗೂ ರಸ್ತೆಯ ಅಂಚಿಗೂ ನಡುವೆ ರಬ್ಬರು ಬೇಗ ಸಿಕ್ಕಿ ಜಜ್ಜಿಹೋಗುತ್ತದೆ, ಒಳಗಿನ ನೂಲು ಕಡಿಯುತ್ತದೆ. ಕೆಲವೊಮ್ಮೆ ಕೂಡಲೇ ಸಿಡಿಯುವುದಿಲ್ಲ, ಬದಿಯಲ್ಲಿ ಗುಳ್ಳೆಯಂತೆ ಉಬ್ಬುತ್ತದೆ. ಆ ಉಬ್ಬು ಕಂಡರೆ ಅದರಲ್ಲಿ ಮುಂದಕ್ಕೆ ಹೋಗಲೇಬೇಡಿ. ಅದಕ್ಕೆ ತೇಪೆಯೂ ಇಲ್ಲ, ಔಷಧಿಯೂ ಇಲ್ಲ. ಹೊಸ ಟಯರೇ ಆಗಬೇಕು. ತಲಪಾಡಿಯಿಂದ ಕೊಲ್ಲಾಪುರದವರೆಗೆ ಎಷ್ಟು ಕಡೆ ರಸ್ತೆ ಕೆಲಸ ನಡೆಯುತ್ತದೆ ಎಂದು ನೋಡಿದವರಿಗೆ ಈ 23 ಮಿ.ಮೀ. ಎಷ್ಟು ದೊಡ್ಡದು ಎಂದು ಅರ್ಥವಾಗುತ್ತದೆ.

ಸ್ಟೆಪ್ನಿ ಇಲ್ಲದಿರುವುದು ಕಾನೂನಿಗೆ ಸರಿಯೇ ಎಂದೂ ಆಮೇಲೆ ಜಗಳ ಬಂತು. 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಟಯರಿನ ಗಾಳಿ ಕಡಿಮೆಯಾದರೆ ತಿಳಿಸುವ ವ್ಯವಸ್ಥೆಯೂ ಟ್ಯೂಬ್‌ಲೆಸ್ ರಿಪೇರಿ ಕಿಟ್ಟೂ ಇರುವ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ. ನಮ್ಮದರಲ್ಲಿ ಎರಡೂ ಇರಲಿಲ್ಲ. ಇದ್ದಿದ್ದರೂ ಆ ಕಿಟ್ಟು ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದ ಸಣ್ಣ ತೂತಿಗೆ ಮಾತ್ರ. ಬದಿ ಹರಿದರೆ ಏನೂ ಪ್ರಯೋಜನವಿಲ್ಲ. ಹಾಗಾಗಿ ಸ್ವಂತ ಕಾರೇ ಆಗಲಿ, ದೂರ ಹೊರಡುವಾಗ ಸ್ಟೆಪ್ನಿಯನ್ನು ಕಣ್ಣಾರೆ ನೋಡಿ, ಅದರಲ್ಲಿ ಗಾಳಿ ಇದೆಯೇ ಎಂದೂ ನೋಡಿ.

ಆ ಅಳತೆಯ ಟಯರು ಕಾಗಲ್ಲಿನಲ್ಲಿ ಇರಲಿಲ್ಲ. ರಾತ್ರಿ ಲಾಡ್ಜಿನಲ್ಲಿ ಕಳೆದು ಮಾರನೇ ದಿನ ಕೊಲ್ಲಾಪುರದಿಂದ ತರಿಸಿದೆವು. ರಿಮ್ಮು ಬಾಗಿತ್ತು, ಅದನ್ನು ಸರಿಮಾಡಿಸಿದೆವು. ಪಂಢರಪುರ ತಪ್ಪಿತು. ಮಹಾಲಕ್ಷ್ಮಿಯ ದರ್ಶನ ಮಾತ್ರ ಮುಗಿಸಿ ಊರಿಗೆ ತಿರುಗಿದೆವು.

ನಿಜವಾದ ಕಷ್ಟ ಶುರುವಾದದ್ದು ಊರಲ್ಲಿ. ಕಾರು ಒಪ್ಪಿಸಿದಾಗ ಆ ಜನ ಬಂಪರಿನ ಕೆಳಗೆ ಬಗ್ಗಿ ಫೋಟೊ ಹೊಡೆದರು. ನಾಲ್ಕೂ ಟಯರು, ರಿಮ್ಮು, ಬಂಪರು, ಕಾರು ಸುಮ್ಮನೆ ನಿಂತ ದಿನಗಳ ಬಾಡಿಗೆ ಎಂದು ಒಟ್ಟು 68,000 ಕೇಳಿದರು. ಅಡ್ವಾನ್ಸು ಮುರಿದುಕೊಂಡು ಉಳಿದದ್ದು ಕೊಡುವವರೆಗೆ ಪಾಸ್‌ಪೋರ್ಟ್ ಇಲ್ಲ ಎಂದರು. ಭಾವನ ರಜೆ ಮುಗಿಯುತ್ತಿತ್ತು. ಟಿಕೆಟ್ಟು ಆಗಿತ್ತು, ಹೋಗದಿದ್ದರೆ ಕೆಲಸಕ್ಕೇ ಸಂಚಕಾರ. ಅದು ಕಾರು ಕೊಟ್ಟವರಿಗೆ ಚೆನ್ನಾಗಿ ಗೊತ್ತಿತ್ತು. ಗಲ್ಫಿನವರಿಂದಲೇ ಪಾಸ್‌ಪೋರ್ಟ್ ಕೇಳುವುದು ಇದೇ ಕಾರಣಕ್ಕೆ ಎಂದು ನನಗೆ ಈಗ ಅನುಮಾನವೇ ಉಳಿದಿಲ್ಲ.

ಇನ್ಶೂರೆನ್ಸ್ ಇದೆಯಲ್ಲ, ಅದರಿಂದ ತೆಗೆಯಿರಿ ಎಂದೆವು. ಪರಿಚಯದ ವಕೀಲರೊಬ್ಬರು ಬಿಡಿಸಿ ಹೇಳಿದ ಮೇಲೆ ನಮಗೆ ಮೈ ನಡುಗಿತು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಬಾಡಿಗೆಗೆ ಕೊಟ್ಟದ್ದು ಸಾಬೀತಾದರೆ ಕಾರಿಗಾದ ನಷ್ಟ ಕೊಡಲು ಕಂಪನಿ ನಿರಾಕರಿಸಬಹುದು. ಯಾರಿಗಾದರೂ ಢಿಕ್ಕಿಯಾಗಿದ್ದರೆ ಆ ಪರಿಹಾರದ ವಿಷಯದಲ್ಲೂ ತಕರಾರು ಎತ್ತಲು ಅವರಿಗೆ ಕಾನೂನಿನಲ್ಲೇ ದಾರಿಯಿದೆ. ಬರೀ ಟಯರಿನ ನಷ್ಟವಂತೂ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದೇ ಇಲ್ಲ. ಕಾರಿಗೂ ಅದೇ ಪೆಟ್ಟಿನಲ್ಲಿ ಹಾನಿಯಾಗಿದ್ದರೆ ಟಯರಿನ ಬೆಲೆಯ ಅರ್ಧ. ಪೂರ್ತಿ ಬೇಕಾದರೆ ಟಯರಿಗೆಂದೇ ಬೇರೆ ಹಣ ಕಟ್ಟಿ ಸೇರಿಸಿಕೊಂಡಿರಬೇಕು. ಆ ರಾತ್ರಿ ಹಿಂದಿನಿಂದ ಒಂದು ಕಬ್ಬಿನ ಟ್ರಾಕ್ಟರು ಬಂದು ಗುದ್ದಿದ್ದರೆ ನಮ್ಮ ಗತಿ ಏನಾಗುತ್ತಿತ್ತು?

ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಚಾಲಕನ ಜತೆ ಬರುವ ಟ್ಯಾಕ್ಸಿ. 1989ರ ರೆಂಟ್ ಎ ಕ್ಯಾಬ್ ಯೋಜನೆಯ ಪ್ರಕಾರ ಇಂಥ ವ್ಯವಹಾರಕ್ಕೆ ಲೈಸೆನ್ಸು ಬೇಕು, ಕನಿಷ್ಠ 50 ಕಾರುಗಳಿರಬೇಕು. ಎರಡು ಮೂರು ಕಾರು ಇಟ್ಟುಕೊಂಡು ವಾಟ್ಸಪ್ಪಿನಲ್ಲಿ ಫೋಟೊ ಹಾಕುವವರ ಹತ್ತಿರ ಇದೆಲ್ಲ ಎಲ್ಲಿಂದ ಬರಬೇಕು? ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಕಾರಿನ ನಂಬರು ಹಾಕಿದರೆ ವಾಹನದ ವರ್ಗ, ಇನ್ಶೂರೆನ್ಸಿನ ಅವಧಿ ಎರಡೂ ಕಾಣುತ್ತದೆ. ಎರಡು ನಿಮಿಷದ ಕೆಲಸ. ಕಪ್ಪು ಪ್ಲೇಟಿನ ಕಾರಿಗೆ ಬಾಡಿಗೆ ಜಾಸ್ತಿ, ಬೇಕಾದ ಮಾಡೆಲ್ ಸಿಗುವುದೂ ಇಲ್ಲ ಎಂದು ಹೇಳುವವರಿದ್ದಾರೆ. ಇರಲಿ. ಸ್ಪೋರ್ಟಿ ಕಾರು ಸಿಗದಿದ್ದರೆ ಸಾದಾ ಕಾರಿನಲ್ಲಿ ಹೋಗಿ. ಹೆಂಗಸರು, ವಯಸ್ಸಾದವರು ಜತೆಗಿರುವಾಗ ಎತ್ತರದ ಟಯರಿನ ಸಾದಾ ಕಾರೇ ಮೇಲು ಎಂದು ಭಾವನೂ ಈಗ ಹೇಳುತ್ತಾರೆ.

ಪಾಸ್‌ಪೋರ್ಟಿನ ಬಗ್ಗೆ ಮಾತ್ರ ಇನ್ನೊಮ್ಮೆ ಹೇಳುತ್ತೇನೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಸಾಲಕ್ಕೋ ಬಾಡಿಗೆಗೋ ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಖಾಸಗಿಯವರಿಗೂ ಇಲ್ಲ. ನಾವು ಬರಹದಲ್ಲಿ ಪೊಲೀಸ್ ದೂರು ಕೊಟ್ಟೆವು. ಠಾಣೆಯವರು ಕರೆಸಿ ಮಾತನಾಡಿದ ಮೇಲೆ, ಭಾವನ ವಿಮಾನಕ್ಕೆ ಹಿಂದಿನ ದಿನ ಪಾಸ್‌ಪೋರ್ಟ್ ಕೈಸೇರಿತು. ಹೀಗೆ ಸಿಕ್ಕಿಬಿದ್ದವರು ಹಣ ಕೊಟ್ಟು ಬಿಡಿಸಿಕೊಳ್ಳುವ ಮುಂಚೆ ಠಾಣೆಗೆ ಹೋಗಿ, ದೂರಿಗೆ ರಶೀದಿ ಕೇಳಿ ಪಡೆಯಿರಿ.

ಅಡ್ವಾನ್ಸಿನ 25,000 ಇನ್ನೂ ಬಂದಿಲ್ಲ. ಅದಕ್ಕೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಟ್ಟಿದ್ದೇವೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ಘಟನೆಯಾದ ಎರಡು ವರ್ಷದೊಳಗೆ ಕೊಡಬೇಕು. ಟಯರಿನ ಒಳಬದಿಯ ಆ 1417ರ ಫೋಟೊ, ಡಿಕ್ಕಿಯ ವೂಫರಿನ ಫೋಟೊ, ಫೋನು ಮಾಡಿದ ದಾಖಲೆ, ಗೂಗಲ್ ಪೇಯಲ್ಲಿ ಕಳಿಸಿದ ಹಣದ ಚೀಟಿ ಎಲ್ಲವನ್ನೂ ಲಗತ್ತಿಸಿದ್ದೇವೆ. ಹಣವನ್ನು ನಗದಾಗಿ ಕೊಟ್ಟಿದ್ದರೆ ನಮ್ಮಲ್ಲಿ ತೋರಿಸಲು ಏನೂ ಇರುತ್ತಿರಲಿಲ್ಲ.