ದೋಣಿಗೆ ಆರು ಅಂಕ, ಸ್ಕಿಪ್ಪರ್‌ಗೆ ಹತ್ತು: ಕ್ರೊವೇಷಿಯಾದ ಹಾಯಿದೋಣಿ ಬಾಡಿಗೆ

ಕ್ರೊವೇಷಿಯಾದ ಸ್ಪ್ಲಿಟ್‌ನಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿದು ದ್ವೀಪ ಸುತ್ತುವ ಆಸೆ ಇರುವವರು ಮೊದಲು ಜಾಹೀರಾತಿನ ಚಿತ್ರಗಳನ್ನು ಪಕ್ಕಕ್ಕಿಡಿ. ಬಿಳಿ ಟೋಪಿ, ಕೈಯಲ್ಲಿ ಗ್ಲಾಸು, ಡೆಕ್ ಮೇಲೆ ಮೈಚಾಚಿದ ಹೆಂಗಸು, ಇವೆಲ್ಲ ದೋಣಿಯನ್ನು ದಕ್ಕೆಗೆ ಕಟ್ಟಿಹಾಕಿ ತೆಗೆದ ಚಿತ್ರಗಳು. ದೋಣಿ ಹೊರಟ ಮೇಲೆ ಹಗ್ಗ ನೀವೇ ಎಳೆಯಬೇಕು, ಅಡುಗೆ ನೀವೇ ಮಾಡಬೇಕು, ಪಾತ್ರೆ ನೀವೇ ತೊಳೆಯಬೇಕು, ಶೌಚಾಲಯದ ಪಂಪನ್ನೂ ನೀವೇ ಒತ್ತಬೇಕು. ಇಷ್ಟಕ್ಕೆ ಸಿದ್ಧರಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ದೋಣಿಯನ್ನು ಆರಿಸಲು ಹಿಡಿಯುವ ಹೊತ್ತಿನ ಎರಡರಷ್ಟನ್ನು ಸ್ಕಿಪ್ಪರ್‌ನನ್ನು, ಅಂದರೆ ದೋಣಿ ನಡೆಸುವವನನ್ನು, ಆರಿಸುವುದಕ್ಕೆ ಮೀಸಲಿಡಿ.

ಹೋದವರು ನಾನು, ನಮ್ಮ ಯಜಮಾನರು, ಅಕ್ಕ, ಭಾವ, ಜೊತೆಗೆ ಹಾಸನದ ವಕೀಲ ಮಿತ್ರರು ಮತ್ತು ಅವರ ಪತ್ನಿ. ಆಲ್ದೂರಿನ ಕಡೆ ಕಾಫಿ ತೋಟ ಇಟ್ಟುಕೊಂಡವರಿಗೆ ಬಿಡುವು ಎಂಬುದು ಕೇಳಿದಾಗ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಹೂಮಳೆಗೆ ಆಕಾಶ ನೋಡಬೇಕು, ಜೂನ್‌ನಿಂದ ಆಗಸ್ಟ್‌ವರೆಗೆ ಕೊಳೆರೋಗದ ಭಯ, ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲಿಗೆ ಆಳು ಹುಡುಕಬೇಕು. ನಡುವೆ ಉಳಿಯುವುದು ಸೆಪ್ಟೆಂಬರ್ ಕೊನೆಯ ಒಂದಿಷ್ಟು ದಿನ. ಆಡ್ರಿಯಾಟಿಕ್ ಸಮುದ್ರಕ್ಕೂ ಅದು ಒಳ್ಳೆಯ ಕಾಲವೇ. ಜುಲೈ, ಆಗಸ್ಟ್‌ನ ಗದ್ದಲ ಮುಗಿದಿರುತ್ತದೆ, ಬಾಡಿಗೆ ಇಳಿದಿರುತ್ತದೆ, ಬೇಸಿಗೆಯಲ್ಲಿ ಕಾದ ನೀರು ಇನ್ನೂ ಬೆಚ್ಚಗಿರುತ್ತದೆ. ಹವಾಮಾನ ಮಾತ್ರ ಆಗಾಗ ಕೈಕೊಡುತ್ತದೆ. 2023ರ ಜನವರಿ 1ರಂದು ಕ್ರೊವೇಷಿಯಾ, ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯಕ್ಕೂ ಯೂರೋ ನಾಣ್ಯಕ್ಕೂ ಒಟ್ಟಿಗೇ ಸೇರಿತು. ಹಾಗಾಗಿ ಷೆಂಗೆನ್ ವೀಸಾ ಒಂದಿದ್ದರೆ ಸಾಕು.

ಬಾಡಿಗೆಯ ಲೆಕ್ಕ ಶನಿವಾರದಿಂದ ಶನಿವಾರಕ್ಕೆ. ಶನಿವಾರ ಸಂಜೆ ಐದರ ಹೊತ್ತಿಗೆ ದೋಣಿ ಕೈಗೆ ಬರುತ್ತದೆ. ಮುಂದಿನ ಶುಕ್ರವಾರ ಸಂಜೆಯೇ ಮರೀನಾಕ್ಕೆ ತಂದು ನಿಲ್ಲಿಸಿ, ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಖಾಲಿ ಮಾಡಬೇಕು. ಅಂದರೆ ವಾರದ ಹಣಕ್ಕೆ ಪೂರ್ತಿ ವಾರದ ಸಮುದ್ರ ಸಿಗುವುದಿಲ್ಲ. ನೀವೇ ದೋಣಿ ನಡೆಸುವುದಾದರೆ ಅಲ್ಲಿನ ಸರ್ಕಾರ ಒಪ್ಪುವ ಲೈಸೆನ್ಸ್ ಜೊತೆಗೆ ರೇಡಿಯೊ ಬಳಸುವ ಪ್ರಮಾಣಪತ್ರವೂ ಬೇಕು. ನಮ್ಮ ಬಳಿ ಇದ್ದದ್ದು ಜೀಪಿನ ಲೈಸೆನ್ಸ್. ಆದ್ದರಿಂದ ಸ್ಕಿಪ್ಪರ್ ಬೇಕೇ ಬೇಕಾಯಿತು. ಆತನ ಕೂಲಿ ದಿನಕ್ಕೆ ಇನ್ನೂರು ಯೂರೋ ಆಸುಪಾಸು. ಊಟವೂ ಮಲಗುವ ಜಾಗವೂ ನಮ್ಮದೇ ಲೆಕ್ಕ. ಕರಾರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಮೊತ್ತವನ್ನೇ ನಂಬಿ ಕೂರಬೇಡಿ. ಕೊನೆಯ ದಿನದ ಶುಚಿಗೆ, ಹಾಸಿಗೆ ಬಟ್ಟೆಗೆ, ಪ್ರವಾಸಿ ತೆರಿಗೆಗೆ, ಡೀಸೆಲ್‌ಗೆ, ಪ್ರತಿ ಬಂದರಿನಲ್ಲಿ ದೋಣಿ ಕಟ್ಟುವುದಕ್ಕೆ ಬೇರೆ ಬೇರೆ ಹಣ. ಇದರ ಮೇಲೆ ಕ್ರೆಡಿಟ್ ಕಾರ್ಡಿನಲ್ಲಿ ದಪ್ಪನೆಯ ಠೇವಣಿಯೊಂದನ್ನು ತಡೆಹಿಡಿಯುತ್ತಾರೆ. ಕಂಪನಿಯ ಹೆಸರು ಹೇಳುವುದಿಲ್ಲ. ವಕೀಲರು ಬೇಡವೆಂದಿದ್ದಾರೆ.

ದೋಣಿ ನಲವತ್ತೈದು ಅಡಿ ಉದ್ದದ್ದು, ನಾಲ್ಕು ಕ್ಯಾಬಿನ್. ಕ್ಯಾಬಿನ್‌ನಲ್ಲಿ ಮಂಚದ ಮೇಲೆ ಕುಳಿತು ಸೀರೆ ಉಡಲು ಬರುವುದಿಲ್ಲ, ನಿಂತು ಉಡಲು ಜಾಗವಿಲ್ಲ. ಅಕ್ಕ ಎರಡನೆಯ ದಿನವೇ ಚೂಡಿದಾರಕ್ಕೆ ಬಂದಳು. ಗಟ್ಟಿ ಸೂಟ್‌ಕೇಸ್ ಇಡಲು ಎಲ್ಲೂ ಸ್ಥಳವಿಲ್ಲ, ಮಡಚುವ ಬಟ್ಟೆ ಚೀಲವೇ ಸರಿ. ಬ್ಯಾಟರಿ ಹಳೆಯದು. ಬೆಳಗಿನ ಜಾವಕ್ಕೆ ಫ್ರಿಜ್ ತಾನಾಗಿ ನಿಂತು ಹಾಲು ಒಡೆಯುತ್ತಿತ್ತು. ಸ್ಕಿಪ್ಪರ್ ಎಂಜಿನ್ ಓಡಿಸಿ ಚಾರ್ಜ್ ಮಾಡುತ್ತಿದ್ದ. ಕಂಪನಿಗೆ ಫೋನ್ ಮಾಡಿದರೆ, ಬಂದಾಗ ನೋಡೋಣ ಎಂಬ ಉತ್ತರ. ದಕ್ಕೆಯಲ್ಲಿ ಕರೆಂಟಿಗೆ ಜೋಡಿಸಿದಾಗ ಮಾತ್ರ 230 ವೋಲ್ಟ್ ಸಿಗುತ್ತದೆ. ಯಾರೂ ಚಟ್ನಿ ರುಬ್ಬುವ ಕನಸು ಕಾಣಬೇಡಿ, ಪುಡಿ ಒಯ್ಯಿರಿ.

ನೀರಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಲೆನಾಡಿನವರಿಗೆ ಹೆಚ್ಚು ಕಷ್ಟವಾಗುವುದು ಇಲ್ಲೇ. ಟ್ಯಾಂಕಿನಲ್ಲಿರುವುದು ನಾನೂರು ಲೀಟರಿನೊಳಗೆ. ಏಳು ಜನ ಮೀಯಬೇಕು, ಪಾತ್ರೆ ತೊಳೆಯಬೇಕು. ಮಳೆಗಾಲವಿಡೀ ಸೂರಿನ ನೀರು ಅಂಗಳದಲ್ಲಿ ಹರಿದು ಹಾಳಾಗುವುದನ್ನು ನೋಡಿಯೂ ನೋಡದವರು ನಾವು. ಬಚ್ಚಲ ಹಂಡೆಯ ಬಿಸಿನೀರನ್ನು ತಲೆಗೆ ಸುರಿದುಕೊಳ್ಳುತ್ತಾ ಹಾಡು ಹೇಳುವವರು. ಇಲ್ಲಿ ಸಮುದ್ರಕ್ಕೆ ಇಳಿದು ಮೈ ನೆನೆಸಿ, ಹಿಂಬದಿಯ ಮೆಟ್ಟಿಲ ಮೇಲಿನ ಚಿಕ್ಕ ಷವರ್‌ನಲ್ಲಿ ಉಪ್ಪು ಹೋಗುವಷ್ಟೇ ಸಿಹಿನೀರು. ಶೌಚಾಲಯದ ಕೊಳವೆ ಸಣ್ಣದು, ಕಾಗದ ಹಾಕಿದರೆ ಕಟ್ಟಿಕೊಳ್ಳುತ್ತದೆ. ನೀರು ಬಳಸುವ ನಮಗೆ ಅದು ಅನುಕೂಲವೇ, ಆದರೆ ಚೊಂಬು ಮನೆಯಿಂದಲೇ ಒಯ್ಯಬೇಕು. ನಾನು ಸ್ಟೀಲ್ ಚೊಂಬು ಒಯ್ದಿದ್ದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

ಅಡುಗೆಮನೆಯ ಒಲೆ ನನಗೆ ತುಂಬಾ ಹಿಡಿಸಿತು. ಎರಡು ಉರಿಯ ಗ್ಯಾಸ್ ಒಲೆಯನ್ನು ಎರಡೂ ಪಕ್ಕದಲ್ಲಿ ಕೀಲಿನ ಮೇಲೆ ತೂಗುಹಾಕಿರುತ್ತಾರೆ. ಗಾಳಿ ತುಂಬಿ ದೋಣಿ ಒಂದು ಮಗ್ಗುಲಿಗೆ ವಾಲಿದಾಗ ಅಡುಗೆಕಟ್ಟೆ, ಸಿಂಕು, ನಾನು ಎಲ್ಲರೂ ವಾಲುತ್ತೇವೆ. ಒಲೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಪಾತ್ರೆ ಜಾರದಂತೆ ಸುತ್ತಲೂ ಕಬ್ಬಿಣದ ಹಿಡಿಕೆಗಳು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಒಂದು ಮೊಣಕಾಲನ್ನು ಎದುರಿನ ಕಪಾಟಿಗೆ ಊರಿ, ನಮ್ಮದೇ ತೋಟದ ಪುಡಿ ಹಾಕಿದ ಫಿಲ್ಟರನ್ನು ಒಲೆಯ ಮೇಲೆ ಕೂರಿಸಿ ಡಿಕಾಕ್ಷನ್ ಇಳಿಸಿದೆ. ಫಿಲ್ಟರ್ ನೇರವಾಗಿದ್ದರೂ ನನ್ನ ಕಣ್ಣಿಗೆ ಓರೆಯಾಗಿ ಕಾಣುತ್ತಿತ್ತು. ಲೋಟಕ್ಕೆ ಬಗ್ಗಿಸುವಾಗ ಕಣ್ಣನ್ನು ನಂಬದೆ ಕೈಯನ್ನು ನಂಬಬೇಕು. ಸ್ಕಿಪ್ಪರ್ ಒಂದು ಗುಟುಕು ಕುಡಿದು, ಚಿಕೋರಿ ಎಷ್ಟು ಹಾಕಿದ್ದೀರಿ ಎಂದು ಕೇಳಿದ. ಅವನ ಅಜ್ಜಿಯೂ ಹಾಕುತ್ತಿದ್ದಳಂತೆ.

ಇನ್ನು ಈ ಹುಡುಗನ ವಿಷಯ. ಸ್ಪ್ಲಿಟ್‌ನವನೇ, ವಯಸ್ಸು ಮೂವತ್ತು ದಾಟಿಲ್ಲ, ಮಾತು ಕಡಿಮೆ. ಬೆಳಿಗ್ಗೆ ಎದ್ದವನೇ ಮಾಪಕದಲ್ಲಿ ವಾಯುಭಾರ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ. ಆಮೇಲೆ ಸ್ಪ್ಲಿಟ್ ರೇಡಿಯೊ ಕ್ರೊವೇಷಿಯನ್ ಭಾಷೆಯಲ್ಲಿ, ಮತ್ತೆ ಇಂಗ್ಲಿಷ್‌ನಲ್ಲಿ ಓದುವ ಹವಾಮಾನ ವರದಿ ಕೇಳುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರು ಅಳೆದು ಇಂಚು, ಸೆಂಟು ಎಂದು ಡೈರಿಯಲ್ಲಿ ಬರೆಯದೆ ಕಾಫಿ ಮುಟ್ಟದ ಭಾವನಿಗೆ ಆ ಕ್ಷಣವೇ ಅವನ ಮೇಲೆ ವಿಶ್ವಾಸ ಹುಟ್ಟಿತು. ಅಲ್ಲಿ ಮೂರು ಗಾಳಿಗಳ ಹೆಸರು ಕಲಿತರೆ ಸಾಕು. ಹಿತವಾದ ದಿನಗಳಲ್ಲಿ ಮಧ್ಯಾಹ್ನ ವಾಯವ್ಯದಿಂದ ಬೀಸುವುದು ಮಾಯೆಸ್ಟ್ರಾಲ್. ಪ್ರವಾಸಿಗಳು ಬಯಸುವುದು ಇದನ್ನು. ಈಶಾನ್ಯದ ಬೆಟ್ಟಸಾಲಿನಿಂದ ಧುಮುಕುವ ಒಣ, ತಣ್ಣನೆಯ ಗಾಳಿ ಬುರಾ. ಬರುವ ಮುನ್ಸೂಚನೆಯನ್ನೇ ಕೊಡದೆ ಹೊಡೆಯುತ್ತದೆ. ಆಗ್ನೇಯದಿಂದ ಮೋಡ, ಮಳೆ, ಎತ್ತರದ ಅಲೆಗಳನ್ನು ಕಟ್ಟಿಕೊಂಡು ನಿಧಾನಕ್ಕೆ ಏರುವುದು ಯೂಗೋ.

ಮೊದಲ ಓಟ ಸ್ಪ್ಲಿಟ್‌ನಿಂದ ವಿಸ್ ದ್ವೀಪಕ್ಕೆ, ಸುಮಾರು ಮೂವತ್ತು ನಾಟಿಕಲ್ ಮೈಲಿ. ಬ್ರಾಚ್ ಮತ್ತು ಶೋಲ್ಟಾ ದ್ವೀಪಗಳ ನಡುವಿನ ಕಿರಿದಾದ ಜಲಸಂಧಿ ದಾಟುವವರೆಗೆ ಎಂಜಿನ್, ಆಮೇಲೆ ಹಾಯಿ. ಎಂಜಿನ್ ನಿಂತಾಗ ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸಿದೆವು. ಸಂಜೆ ವಿಸ್ ಪಟ್ಟಣದ ದಕ್ಕೆಗೆ ಹಿಂಬದಿಯಿಂದ ದೋಣಿ ಒರಗಿಸಬೇಕು. ಮುಂಭಾಗವನ್ನು ಸಮುದ್ರದ ತಳಕ್ಕೆ ಕಟ್ಟಿದ ಹಗ್ಗ ಹಿಡಿದುಕೊಳ್ಳುತ್ತದೆ, ಹಿಂಭಾಗದ ಎರಡು ಹಗ್ಗಗಳನ್ನು ದಕ್ಕೆಯ ಮೇಲಿನವನಿಗೆ ಎಸೆಯಬೇಕು. ಪಕ್ಕದಿಂದ ಗಾಳಿ. ಭಾವ ಹಗ್ಗದ ತುದಿಯನ್ನು ಎಸೆಯುವ ಬದಲು ಬಿಗಿಯಾಗಿ ಹಿಡಿದು ನಿಂತುಬಿಟ್ಟರು. "ಭಾವ, ಬಿಡಿ ಅದನ್ನು!" ಎಂದು ನಾನು ಕೂಗಿದರೆ, "ಬಿಟ್ಟರೆ ದೋಣಿ ಹೋಗುತ್ತದಲ್ಲ!" ಎಂದು ಅವರು. ಸ್ಕಿಪ್ಪರ್ ಒಂದು ಮಾತೂ ಆಡದೆ ದೋಣಿಯನ್ನು ಮತ್ತೆ ಮುಂದಕ್ಕೆ ಒಯ್ದು, ಒಂದು ಸುತ್ತು ಹಾಕಿಸಿ, ಹಗ್ಗವನ್ನು ಸುರುಳಿ ಸುತ್ತಿ ಭಾವನ ಕೈಗೇ ಮತ್ತೆ ಕೊಟ್ಟ. ಎರಡನೆಯ ಸಲ ಸರಿಯಾಗಿ ಹೋಯಿತು. ಅವನು ಹಗ್ಗವನ್ನು ಬೇರೆಯವರಿಗೆ ಕೊಡದೇ ಇದ್ದದ್ದನ್ನು ಅಕ್ಕ ಗಮನಿಸಿದಳು.

ವಿಸ್ ಯುಗೊಸ್ಲಾವಿಯಾ ಕಾಲದಲ್ಲಿ ಸೇನಾ ನೆಲೆ. 1989ರವರೆಗೆ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ಬಂಡೆ ಕೊರೆದು ಜಲಾಂತರ್ಗಾಮಿ ಅಡಗಿಸುತ್ತಿದ್ದ ಸುರಂಗ ಈಗಲೂ ಇದೆ, ನೋಡಬಹುದು. ಹಾಗೆ ಮುಚ್ಚಿಟ್ಟಿದ್ದರಿಂದಲೇ ಇರಬೇಕು, ಈ ದ್ವೀಪದಲ್ಲಿ ದೊಡ್ಡ ಹೋಟೆಲುಗಳ ಹಾವಳಿ ಕಡಿಮೆ. ಪಶ್ಚಿಮ ತುದಿಯ ಕೊಮಿಜಾ ಹಳೆಯ ಮೀನುಗಾರರ ಊರು. ಅಲ್ಲಿ ಉಪ್ಪು ಹಾಕಿದ ಸಣ್ಣ ಮೀನು, ಈರುಳ್ಳಿ, ಟೊಮೆಟೊ ತುಂಬಿ ಸುಟ್ಟ ರೊಟ್ಟಿ, ಪೊಗಾಚಾ, ತಿನ್ನದೆ ಬರಬೇಡಿ. ಮಂಗಳೂರಿನಿಂದ ಐಸ್ ಪೆಟ್ಟಿಗೆಯಲ್ಲಿ ಘಾಟಿ ಹತ್ತಿ ಬರುವ ಬೂತಾಯಿ ತಿಂದು ಬೆಳೆದ ನಾಲಿಗೆಗೆ ಅದು ಪರಕೀಯ ಎನಿಸುವುದೇ ಇಲ್ಲ. ಶುದ್ಧ ಸಸ್ಯಾಹಾರಿಗಳಾದ ವಕೀಲ ದಂಪತಿಗೆ ಮಾತ್ರ ಎಲ್ಲ ಕಡೆ ಬ್ಲಿತ್ವಾ, ಅಂದರೆ ಆಲೂಗಡ್ಡೆಯೊಂದಿಗೆ ಬೇಯಿಸಿ ಆಲಿವ್ ಎಣ್ಣೆ ಹಾಕಿದ ಸೊಪ್ಪು. ಮೂರನೆಯ ರಾತ್ರಿಗೆ ಅವರು ಅವಲಕ್ಕಿಗೆ ಮರಳಿದರು.

ಬಿಶೇವೊ ದ್ವೀಪದ ನೀಲಿ ಗುಹೆಗೆ ನನ್ನಿಂದ ಶಿಫಾರಸು ಇಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೀರಿನಡಿಯ ಕಿಂಡಿಯಿಂದ ಬೆಳಕು ನುಗ್ಗಿ ಗುಹೆ ಇಡೀ ನೀಲಿಯಾಗುವುದು ನಿಜ. ಆದರೆ ನಿಮ್ಮ ದೋಣಿ ಒಳಗೆ ಹೋಗುವುದಿಲ್ಲ. ಟಿಕೆಟ್ ಕೊಂಡು, ಸರದಿ ಕಾದು, ಅವರ ಚಿಕ್ಕ ದೋಣಿ ಹತ್ತಿ, 1884ರಲ್ಲಿ ಸಿಡಿಸಿ ಅಗಲ ಮಾಡಿದ ತಗ್ಗು ಬಾಯಿಯಲ್ಲಿ ತಲೆ ಬಗ್ಗಿಸಿ ನುಗ್ಗಿ, ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಹೊರಗೆ. ಕಾಯುವ ಹೊತ್ತೇ ಜಾಸ್ತಿ.

ನಾನು ಸ್ಕಿಪ್ಪರ್‌ಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟದ್ದಕ್ಕೆ ಕಾರಣ ಮರುದಿನದ ಘಟನೆ. ಹ್ವಾರ್ ಪಟ್ಟಣದ ಎದುರಿನ ಪಾಕ್ಲೆನಿ ದ್ವೀಪಗಳಲ್ಲಿ, ದಕ್ಷಿಣಕ್ಕೆ ತೆರೆದ ಕೊಲ್ಲಿಯೊಂದರಲ್ಲಿ ಊಟಕ್ಕೆ ಮೇಜು ಕಾದಿರಿಸಿದ್ದೆವು. ಅಲ್ಲಿ ಕೆಲವು ಹೋಟೆಲಿನವರು ದೋಣಿ ಕಟ್ಟಲು ತಮ್ಮದೇ ಬೋಯಿ, ಅಂದರೆ ನೀರಲ್ಲಿ ತೇಲುವ ಗುಂಡು, ಇಟ್ಟಿರುತ್ತಾರೆ. ಊಟ ಮಾಡಿದರೆ ರಾತ್ರಿ ನಿಲ್ಲುವುದಕ್ಕೆ ಹಣವಿಲ್ಲ. ಬೆಳಿಗ್ಗೆ ಸ್ಕಿಪ್ಪರ್ ಪುಸ್ತಕ ಮುಚ್ಚಿ, ಅಲ್ಲಿಗೆ ಹೋಗುವುದಿಲ್ಲ ಎಂದ. ಆಕಾಶ ತಿಳಿಯಾಗಿತ್ತು. ವಕೀಲರು ಎದ್ದು ಕುಳಿತರು. "ಹಣ ಕೊಟ್ಟವರು ನಾವು, ಕರಾರಿನಲ್ಲಿ ಮಾರ್ಗ ನಮ್ಮ ಇಷ್ಟ ಎಂದಿದೆ." ಅವನು ಕರಾರನ್ನು ತರಿಸಿ, ಸುರಕ್ಷತೆಯ ಕೊನೆಯ ಮಾತು ಸ್ಕಿಪ್ಪರನದು ಎಂಬ ಸಾಲಿನ ಮೇಲೆ ಬೆರಳಿಟ್ಟ. ಹ್ವಾರ್ ದ್ವೀಪದ ಉತ್ತರಕ್ಕೆ ಸುತ್ತುಹಾಕಿ, ಉದ್ದನೆಯ ಕೊಲ್ಲಿಯ ಒಳತುದಿಯಲ್ಲಿರುವ ಸ್ಟಾರಿ ಗ್ರಾಡ್‌ನಲ್ಲಿ ದೋಣಿ ಕಟ್ಟಿದ. ರಾತ್ರಿ ಹತ್ತಕ್ಕೆ ಯೂಗೋ ಬಂತು. ಪಟಕಂಬಗಳ ತಂತಿಗಳು ಊಳಿಡತೊಡಗಿದವು, ಆಷಾಢದ ಮಳೆಯಂತೆ ಅಡ್ಡಡ್ಡಲಾಗಿ ಮಳೆ ಹೊಡೆಯಿತು. ಪಾಕ್ಲೆನಿ ಬಿಟ್ಟು ನಡುರಾತ್ರಿಯಲ್ಲಿ ಅಲ್ಲಿಗೆ ಓಡಿ ಬಂದ ಎರಡು ದೋಣಿಗಳ ಹಗ್ಗ ಹಿಡಿಯಲು ಅವನು ಮಳೆಕೋಟು ಹಾಕಿ ಇಳಿದು ಹೋದ. ಹಿಂದೆಯೇ ವಕೀಲರೂ ಇಳಿದರು.

ಆ ಯೂಗೋ ದೆಸೆಯಿಂದ ಒಂದು ಹೆಚ್ಚಿನ ದಿನ ಸ್ಟಾರಿ ಗ್ರಾಡ್‌ನಲ್ಲೇ ಉಳಿಯಬೇಕಾಯಿತು. ಇಡೀ ಪ್ರವಾಸದಲ್ಲಿ ನನಗೆ ಮರೆಯಲಾಗದ್ದು ಅದೇ. ಕ್ರಿ.ಪೂ. 384ರಲ್ಲಿ ಪಾರೋಸ್ ದ್ವೀಪದ ಗ್ರೀಕರು ಇಲ್ಲಿ ನೆಲೆಸಿ, ಊರ ಹಿಂದಿನ ಬಯಲನ್ನು ಅಳೆದು ಹಂಚಿಕೊಂಡರು. ಒಂದೊಂದು ಪಾಲು ಸುಮಾರು 180 ಮೀಟರ್ ಅಗಲ, 900 ಮೀಟರ್ ಉದ್ದ; ನಮ್ಮ ಲೆಕ್ಕದಲ್ಲಿ ನಲವತ್ತು ಎಕರೆ. ಗಾರೆ ಇಲ್ಲದೆ ಪೇರಿಸಿದ ಕಲ್ಲುಗೋಡೆಗಳ ಆ ಗಡಿಗಳು ಬಹುಪಾಲು ಇದ್ದಲ್ಲೇ ಇವೆ, ಒಳಗೆ ಬೆಳೆಯುವುದು ಇಂದಿಗೂ ದ್ರಾಕ್ಷಿ ಮತ್ತು ಆಲಿವ್. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಪಕ್ಕದ ತೋಟದವರೊಂದಿಗೆ ಪೋಡಿ ವ್ಯಾಜ್ಯದಲ್ಲಿ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದ ನಮ್ಮ ಯಜಮಾನರು ಆ ಗೋಡೆಯ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ನಮ್ಮಲ್ಲಿ ಬೇಲಿ ಪ್ರತಿ ಮಳೆಗಾಲಕ್ಕೂ ಒಂದಡಿ ನಡೆಯುತ್ತದೆ. ಬ್ರಾಚ್ ದ್ವೀಪದ ಮಿಲ್ನಾ, ಸ್ಪ್ಲಿಟ್‌ನಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯ ಅರಮನೆ, ಇವೂ ಚೆನ್ನಾಗಿವೆ; ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ.

ಮಂಡಿನೋವಿನವರು, ರಾತ್ರಿ ಎರಡು ಮೂರು ಸಲ ಏಳುವವರು ಹೋಗುವ ಮೊದಲು ಯೋಚಿಸಿ. ಕ್ಯಾಬಿನ್‌ನಿಂದ ಡೆಕ್‌ಗೆ ಏಣಿಯಂಥ ಮೆಟ್ಟಿಲು. ಚಾರ್ಮಾಡಿಯ ತಿರುವುಗಳಲ್ಲಿ ಕಡಲೆಕಾಯಿ ತಿನ್ನುತ್ತಾ ಬರುವ ಅಕ್ಕನಿಗೂ ವಿಸ್ ದಾರಿಯಲ್ಲಿ ಹೊಟ್ಟೆ ತೊಳಸಿತು. ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ಪ್ರಯೋಜನವಿಲ್ಲ. ಸ್ಕಿಪ್ಪರ್‌ನನ್ನು ಕಂಪನಿ ಕೊಟ್ಟಂತೆ ಒಪ್ಪಬೇಡಿ. ಮುಂಗಡ ಕಟ್ಟುವ ಮೊದಲು ಅವನೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡಿ. ಗಾಳಿ ಕೆಟ್ಟರೆ ಏನು ಮಾಡುತ್ತೀ ಎಂದು ಕೇಳಿ. ಎಲ್ಲಿ ಬೇಕಾದರೂ ಕರೆದೊಯ್ಯುತ್ತೇನೆ ಎನ್ನುವವನು ಬೇಡ.

ಕೊನೆಗೆ ಠೇವಣಿ. ಶುಕ್ರವಾರ ದೋಣಿ ಒಪ್ಪಿಸುವಾಗ ಮುಳುಗುಗಾರನೊಬ್ಬ ಕೆಳಗಿಳಿದು ತಳ ನೋಡಿ ಸರಿ ಎಂದ. ಆದರೆ ಕಚೇರಿಯವರು ಹಿಂಬದಿಯ ಒಂದು ಗೀರು ತೋರಿಸಿ ಠೇವಣಿಯಲ್ಲಿ ಹಿಡಿದುಕೊಳ್ಳುತ್ತೇವೆ ಎಂದರು. ನಮ್ಮ ವಕೀಲರು ದೋಣಿ ಪಡೆದ ಸಂಜೆ ಇಂಚಿಂಚೂ ಫೋಟೊ ತೆಗೆದಿದ್ದರು, ಆಗ ನಾವೆಲ್ಲ ನಕ್ಕಿದ್ದೆವು. ಅದೇ ಗೀರು, ದಿನಾಂಕ ಗಂಟೆ ಸಮೇತ. ಅವರು ಮೊಬೈಲನ್ನು ಮೇಜಿನ ಮೇಲಿಟ್ಟು, ಹಾಸನದ ಕೋರ್ಟಿನಲ್ಲಿ ಸಾಕ್ಷಿಯ ಎದುರು ನಿಲ್ಲುವ ಭಂಗಿಯಲ್ಲೇ ಕೈಕಟ್ಟಿ ನಿಂತರು. ಠೇವಣಿ ಬಿಡುಗಡೆಯಾಯಿತು, ಕ್ಷಮೆ ಕೇಳಲಿಲ್ಲ. ಬ್ಯಾಟರಿಯ ಮಾತೆತ್ತಿದರೆ, ಮುಂದಿನ ತಂಡದವರು ಕಾಯುತ್ತಿದ್ದಾರೆ ಎಂದರು. ಇದೆಲ್ಲ ಇಲ್ಲದಿದ್ದರೆ ದೋಣಿಗೆ ಆರರ ಬದಲು ಏಳೂವರೆ ಕೊಡುತ್ತಿದ್ದೆ.